ಇಲಿವಾರದ ಎಡೆ

ಇಲಿ ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ತುಳಸಾಬಾಯಿ ಇಲಿ ಸಾಕಿದ ಪುಣ್ಯವಂತೆ ಎಂದು ನಮ್ಮ ಓಣಿಯ ಹೆಂಗಸರು ಈಗಲೂ ಸಾರಿಕೊಂಡು ತಿರುಗುತ್ತಾರೆ. ಪುಣ್ಯವೂ ಇಲ್ಲ, ಮಣ್ಣೂ ಇಲ್ಲ. ಮೂವತ್ತು ವರ್ಷ ದವಾಖಾನೆಯಲ್ಲಿ ನರ್ಸಬಾಯಿಯಾಗಿ ಊರ ಮಂದಿಯ ಹೇಲು ಉಚ್ಚೆ ಬಳಿದು ಪೆನ್ಶನ್ನಿಗೆ ಬಂದವಳು ನಾನು. ಅಂಥವಳಿಗೆ ಅಂಗೈಯಷ್ಟು ಜೀವದ ಕುಂಡಿ ಒರೆಸುವುದು ಯಾವ ದೊಡ್ಡ ಕೆಲಸ? ಅದು ಮಂದಿಯ ಹಾಗೆ ಬೈಯುವುದಿಲ್ಲ. ನೆಟ್ಟಗಾದ ಮೇಲೆ ಸಂತೆಯಲ್ಲಿ ಕಂಡರೆ ಮುಖ ತಿರುಗಿಸಿಕೊಂಡು ಹೋಗುವುದೂ ಇಲ್ಲ.

ಅದು ನನ್ನ ಕೊರಳಿಗೆ ಬಿದ್ದ ಕಥೆಯೂ ಮರ್ಯಾದೆಯದ್ದಲ್ಲ. ಪಕ್ಕದ ಮನೆಯ ಪೀರಸಾಬ ಕಾಲೇಜಿನ ಲ್ಯಾಬಿನಲ್ಲಿ ಜವಾನ. ಹುಡುಗರು ಕೊಯ್ದು ಕಲಿಯಲೆಂದು ಅಲ್ಲಿಗೆ ಬಿಳಿ ಇಲಿಗಳನ್ನು ತರಿಸುತ್ತಿದ್ದರು. ೧೯೭೩ರ ಬೇಸಿಗೆಯಲ್ಲಿ ಪರೀಕ್ಷೆ ಮುಗಿದಾಗ ಒಂದು ಇಲಿ ಉಳಿಯಿತು. ಔಷಧ ಮೂಸಿಸಿ ಮುಗಿಸಿಬಿಡು ಎಂದು ಪೀರಸಾಬನಿಗೆ ಹೇಳಿ ಮೇಲಿನವರು ರಜೆಗೆ ಹೋದರು. ಅವನ ಕೈಯಿಂದ ಅದು ಆಗಲಿಲ್ಲ. ಬುತ್ತಿಯ ಡಬ್ಬಿಯಲ್ಲಿ ಇಟ್ಟುಕೊಂಡು ಮನೆಗೆ ಬಂದ. ಅವನ ಹೆಂಡತಿ ಪೀರಾಂಬಿ ತೊಳೆಯಲೆಂದು ಡಬ್ಬಿ ತೆರೆದವಳು ಇಡೀ ಓಣಿಗೆ ಕೇಳುವಂತೆ ಚೀರಿದಳು. ಆ ಡಬ್ಬಿ ಹಿಡಿದುಕೊಂಡೇ ಅವನು ನನ್ನ ಬಾಗಿಲಿಗೆ ಬಂದು ನಿಂತ. ಹೆಂಡತಿಗೆ ಹೆದರಿ ಇಲಿಯ ಜೊತೆ ಹೊರಬಿದ್ದ ಗಂಡಸನ್ನು ನೋಡಿ ನನಗೆ ಎಷ್ಟು ಹೇಸಿಕೆ ಬಂತೆಂದರೆ, ಮೊದಲು ಇವನು ಇಲ್ಲಿಂದ ಹೋಗಲಿ ಎಂದು ಇಲಿಯನ್ನು ಇಸಿದುಕೊಂಡು ಬಾಗಿಲು ಹಾಕಿಕೊಂಡೆ.

ಹೆಸರು ಗಿಸರು ಇಡಲಿಲ್ಲ. ಪೇಶಂಟ ಎಂದೆ, ಅದೇ ಉಳಿಯಿತು. ಇಲಿಯ ಆಯುಷ್ಯ ಹೆಚ್ಚೆಂದರೆ ಮೂರು ವರ್ಷ ಎಂದು ಪೀರಸಾಬ ಹೇಳಿದ್ದ. ೧೯೭೫ರ ಶ್ರಾವಣದ ಹೊತ್ತಿಗೆ ಪೇಶಂಟ ಹಣ್ಣು ಮುದುಕಿ. ಬಿಳಿ ಕೂದಲು ಹಳೆಯ ಧೋತರದಂತೆ ಹಳದಿಗಟ್ಟಿತ್ತು. ಒಂದು ಕಣ್ಣಿಗೆ ಪೊರೆ ಬಂದಿತ್ತು. ಹಿಂಗಾಲು ಎರಡೂ ಬಿದ್ದುಹೋಗಿ, ಮುಂಗಾಲಿನಿಂದಲೇ ಮೈ ಎಳೆದುಕೊಂಡು ಹೋಗುತ್ತಿತ್ತು. ಗಟ್ಟಿ ತಿನಿಸು ಕಡಿಯಲಾಗದೆ ಹಲ್ಲು ಬೆಳೆದು ಬಾಯಿಯೇ ಮುಚ್ಚುತ್ತಿರಲಿಲ್ಲ, ವಾರಕ್ಕೊಮ್ಮೆ ಉಗುರು ತೆಗೆಯುವ ಕತ್ತರಿಯಿಂದ ಅದರ ತುದಿ ತೆಗೆಯುತ್ತಿದ್ದೆ. ಮುಂಜಾನೆ ಎದ್ದು ಬೆಚ್ಚನೆ ನೀರಿನಲ್ಲಿ ಅರಳೆ ಅದ್ದಿ ಹಿಂಭಾಗ ಒರೆಸಬೇಕು, ಹುಣ್ಣಾಗದಂತೆ ಕೊಬ್ಬರಿ ಎಣ್ಣೆ ಸವರಬೇಕು, ಬುಟ್ಟಿಯೊಳಗಿನ ಹಳೆ ಸೀರೆಯ ತುಂಡು ಬದಲಿಸಬೇಕು, ಆಗಾಗ ಮಗ್ಗಲು ಹೊರಳಿಸಬೇಕು. ಇನ್ನು ಊಟ. ರೊಟ್ಟಿಯ ಮೆತ್ತನೆಯ ಭಾಗವನ್ನು ನಾನೇ ಅಗಿದು, ಹಾಲು ಕಲಸಿ, ಕಿರುಬೆರಳ ತುದಿಗೆ ಹಚ್ಚಿ ಅದರ ಮೂಗಿನ ಕೆಳಗೆ ಹಿಡಿಯಬೇಕು. ಸುಮ್ಮನೆ ಹಿಡಿಯಬೇಕು. ಒತ್ತಿದರೆ ಮುಖ ತಿರುಗಿಸುತ್ತದೆ. ಮನಸ್ಸು ಬಂದಾಗ ನೆಕ್ಕುತ್ತದೆ, ಅಷ್ಟರಲ್ಲಿ ನನ್ನ ಕೈ ಜೋಮು ಹಿಡಿದಿರುತ್ತದೆ. ಮುದುಕರ ಸೊಕ್ಕು ಅದಕ್ಕೂ ಇತ್ತು.

ಇಷ್ಟೆಲ್ಲ ಯಾಕೆ ಮಾಡಿದೆ ಎಂದರೆ ನನಗಿದ್ದ ಆಸೆ ಒಂದೇ. ಅದು ಗದ್ದಲವಿಲ್ಲದೆ ಸಾಯಬೇಕು, ಹತ್ತಿರ ನಾನು ಬಿಟ್ಟರೆ ಇನ್ನೊಂದು ನರಪಿಳ್ಳೆ ಇರಬಾರದು. ನನ್ನ ಗಂಡ ಸಾಯುವಾಗ ಮಂಚದ ಸುತ್ತ ಹದಿನೇಳು ಮಂದಿ ನಿಂತಿದ್ದರು. ಬದುಕಿದ್ದಾಗ ಒಂದು ದಿನ ಬಂದು ಹೇಗಿದ್ದೀ ಎಂದು ಕೇಳದ ದಾಯಾದಿಗಳೆಲ್ಲ ಗಿಂಡಿ ಹಿಡಿದು, ನುಂಗಲಾರದವನ ಬಾಯಿಗೆ ಸರದಿಯಂತೆ ಗಂಗಾಜಲ ಬಿಟ್ಟರು. ಕೆಮ್ಮುತ್ತಿದ್ದಾನೆ, ಬಿಡಬೇಡಿ ಎಂದು ನಾನು ಹೇಳಿದೆ. ದವಾಖಾನೆಯಲ್ಲಿ ಸಾವಿರ ಸಾವು ಕಂಡವಳ ಮಾತು ಆ ಮೂಢರ ಕಿವಿಗೆ ಹೋಗಲಿಲ್ಲ. ನನ್ನನ್ನು ಬಾಗಿಲ ತನಕ ದೂಡಿಕೊಂಡು ಹೋದರು. ಅವನು ಕೊನೆಗೆ ಉಸಿರು ಬಿಟ್ಟದ್ದನ್ನು ನಾನು ನೋಡಲಿಲ್ಲ.

ನನ್ನ ತಮ್ಮ ಶಿವಾನಂದನೂ ಅದೇ ಜಾತಿಯವನು. ಗಾಂಧಿ ಚೌಕದ ಹಿಂದಿನ ಗಲ್ಲಿಯಲ್ಲಿ ಅವನ ಅರಿವೆ ಅಂಗಡಿ, ಮೇಲೆ ಮನೆ. ಅರಿವೆಯವರಿಗೆ ಇಲಿಯೆಂದರೆ ಜೀವಭಯ. ಒಂದು ರಾತ್ರಿಯಲ್ಲಿ ಒಂದು ಥಾನು ಬಟ್ಟೆ ಹಾಳು ಮಾಡುತ್ತದೆ. ಅದಕ್ಕೇ ಗಣೇಶ ಚೌತಿಯ ಮರುದಿನ ನಮ್ಮವರು ಇಲಿವಾರ ಮಾಡುತ್ತಾರೆ. ಅಂಗಡಿ ಮುಚ್ಚಿ, ಕತ್ತರಿಗೆ ಬಟ್ಟೆ ಸುತ್ತಿ ಮೂಲೆಗಿಟ್ಟು, ಗಣಪತಿಗೆ ಪರದೆ ಎಳೆದು, ಅವನ ಕಾಲ ಬಳಿಯ ಮಣ್ಣಿನ ಇಲಿಗೆ ಮಾಂಸದ ಸಾರು ರೊಟ್ಟಿಯ ಎಡೆ ಹಿಡಿಯುತ್ತಾರೆ. ಇಲಿ ಎಡೆ ಮುಟ್ಟುವ ತನಕ ಮನೆಯವರಾರೂ ಬಾಯಿಗೆ ಹನಿ ನೀರು ಹಾಕುವ ಹಾಗಿಲ್ಲ. ಇದು ನಮ್ಮ ಅಜ್ಜನ ಕಾಲದ ಕಟ್ಟಳೆ. ಮಣ್ಣಿನ ಇಲಿಯದ್ದು ಸುಲಭ. ಒಂದು ಚೂರು ರೊಟ್ಟಿ ಅದರ ಮೂತಿಗೆ ಒರೆಸಿದರೆ ಮುಟ್ಟಿದಂತೆ, ಆಮೇಲೆ ಎಲ್ಲರೂ ತಾಟಿನ ಮೇಲೆ ಬೀಳಬಹುದು. ಮರುದಿನ ಮುಂಜಾನೆ ಅದೇ ಕೈಗಳು ಪುಠಾಣಿ ಹಿಟ್ಟಿನಲ್ಲಿ ಇಲಿ ಪಾಷಾಣ ಕಲಸಿ ಅಂಗಡಿಯ ಮೂಲೆ ಮೂಲೆಗೆ ಇಡುತ್ತವೆ.

ಆ ವರ್ಷ ಮಳೆಗಾಲದಲ್ಲಿ ಇಲಿಗಳು ಅವನ ಇಳಕಲ್ಲ ಸೀರೆಯ ಕಟ್ಟು ಒಂದನ್ನು ಜರಡಿ ಮಾಡಿದ್ದವು. ಚೌತಿ ಇನ್ನೂ ಎಂಟು ದಿನ ಇರುವಾಗ ಶಿವಾನಂದ ನನ್ನ ಮನೆಗೆ ಬಂದ. ವರ್ಷಕ್ಕೊಮ್ಮೆ ನಾಗರ ಪಂಚಮಿಗೂ ಕಾಲಿಡದ ತಮ್ಮ ಅರ್ಧ ಕಿಲೋ ಪೇಢೆ ಹಿಡಿದು ಬಂದಾಗಲೇ ನನಗೆ ಸಂಶಯ ಬಂತು. ಬಬಲೇಶ್ವರದಿಂದ ಬೀಗರು ಬರುವವರಿದ್ದಾರೆ, ಅವನ ಹೆಂಡತಿ ಲಕ್ಕವ್ವನ ಅಣ್ಣ ಪಾಂಡುವೇ ಪೂಜೆಗೆ ಕೂರುವವನಿದ್ದಾನೆ, ಈ ಸಲ ಪೂಜೆ ಊರಲ್ಲಿ ಹೆಸರಾಗಬೇಕು ಎಂದೆಲ್ಲ ಸುತ್ತು ಬಳಸಿ ಕೊನೆಗೆ ಬುಟ್ಟಿಯ ಕಡೆ ನೋಡಿದ.

"ಅಕ್ಕಾ, ಮಣ್ಣಿನ ಇಲಿಗೆ ಎಡಿ ಹಿಡದು ಏನೂ ಉಪಯೋಗ ಆಗವಲ್ದು. ನಿನ್ನ ಮನ್ಯಾಗ ಜೀವಂತ ಕುಂತೈತಿ, ಅದೂ ಬಿಳೇದು. ಒಂದ ದಿನದ ಮಟ್ಟಿಗೆ ಕೊಡು."

ನಾನು ಪೇಢೆಯ ಪೊಟ್ಟಣವನ್ನು ಅವನ ಕೈಗೇ ಇಟ್ಟೆ. "ಪಾಷಾಣ ಕಲಸೋ ಕೈಲೇ ಇದಕ್ಕ ಎಡಿ ಹಿಡೀತಿಯೇನು? ನಡಿ, ಮನಿಗೆ ಹೋಗು."

ಹೋದ. ಅಲ್ಲಿಗೆ ಮುಗಿಯಿತೆಂದುಕೊಂಡೆ. ನನ್ನ ದಡ್ಡತನ.

ಇಲಿವಾರದ ದಿನ ನಸುಕಿನಲ್ಲೇ ತಿಕೋಟಾದಿಂದ ಕರೆ ಬಂತು. ನೂರಜಹಾನ ಎಂಬ ಹುಡುಗಿಗೆ ಹೆರಿಗೆ ಬೇನೆ ಶುರುವಾಗಿತ್ತು. ಅವಳ ತಾಯಿಯ ಹೆರಿಗೆಯನ್ನೂ ನಾನೇ ಮಾಡಿಸಿದ್ದೆ, ಒಲ್ಲೆ ಎನ್ನಲಾಗಲಿಲ್ಲ. ಪೇಶಂಟನ್ನು ಒರೆಸಿ, ಉಣಿಸಿ, ಬುಟ್ಟಿಯನ್ನು ಪೀರಾಂಬಿಯ ಪಡಸಾಲೆಯಲ್ಲಿ ಇಟ್ಟೆ. ಎರಡು ವರ್ಷದಲ್ಲಿ ಅವಳ ಚೀರಾಟ ನಿಂತಿತ್ತು, ಮುಟ್ಟುವುದಿಲ್ಲ ಆದರೆ ಬೆಕ್ಕು ಬಂದರೆ ಓಡಿಸುತ್ತಾಳೆ, ಅಷ್ಟು ಸಾಕು. ಮೊದಲ ಬಸ್ಸಿಗೆ ತಿಕೋಟಾಕ್ಕೆ ಹೋದೆ. ಹನ್ನೊಂದಕ್ಕೆ ಗಂಡು ಕೂಸು ಹುಟ್ಟಿತು. ಉಂಡು ಹೋಗಿರೆಂದು ಅವರು ಎಷ್ಟು ಹೇಳಿದರೂ ಕೇಳದೆ ಬಸ್ಸು ಹತ್ತಿ, ಎರಡು ಗಂಟೆಯ ಸುಮಾರಿಗೆ ಮನೆಗೆ ಬಂದೆ. ಪೀರಾಂಬಿ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕುಳಿತಿದ್ದಳು. ಬುಟ್ಟಿ ಇರಲಿಲ್ಲ.

"ನಿಮ್ಮ ತಮ್ಮನ ಹೆಂಡ್ತಿ ಟಾಂಗಾ ತಗೊಂಡ ಬಂದಿದ್ರಲ್ರಿ ಬಾಯಾರ. ನೀವ ಕೊಡಾಕ ಹೇಳಿರಿ ಅಂದ್ರು. ಬೆಳ್ಳಿ ತಾಟ ತಂದಿದ್ರು, ನಾ ಖರೇನ ಅಂದ್ಕೊಂಡೆ."

ಬೆಳ್ಳಿಯ ತಾಟು ಕಂಡರೆ ಯಾವ ಸುಳ್ಳಾದರೂ ಖರೆ ಆಗುತ್ತದೆ ಈ ಹೆಂಗಸಿಗೆ. ಬೈಯುತ್ತ ನಿಲ್ಲಲು ಹೊತ್ತಿರಲಿಲ್ಲ. ಸಿಕ್ಕ ಟಾಂಗಾ ಹಿಡಿದು ಗಾಂಧಿ ಚೌಕಕ್ಕೆ ಹೋದೆ.

ಮೆಟ್ಟಿಲು ಹತ್ತುವಾಗಲೇ ಮಸಾಲೆಯ ವಾಸನೆ, ಊದಬತ್ತಿಯ ಹೊಗೆ, ಗ್ರಾಮೋಫೋನಿನ ಭಜನೆ, ಎಲ್ಲ ಒಟ್ಟಿಗೆ ಮುಖಕ್ಕೆ ಬಡಿದವು. ಮೇಲೆ ಇಪ್ಪತ್ತೆರಡು ಮಂದಿ ಜಮಖಾನೆಯ ಮೇಲೆ ಸಾಲಾಗಿ ಕುಳಿತಿದ್ದರು. ಎಲ್ಲರ ಮುಂದೆ ತಾಟು, ತಾಟಿನಲ್ಲಿ ರೊಟ್ಟಿ, ಬಟ್ಟಲಿನಲ್ಲಿ ಸಾರು. ಸಾರಿನ ಮೇಲೆ ಎಣ್ಣೆ ಕೆನೆಗಟ್ಟಿತ್ತು. ಒಬ್ಬರೂ ಉಣ್ಣುತ್ತಿರಲಿಲ್ಲ. ಒಬ್ಬರ ಮುಖದಲ್ಲೂ ಕಳೆಯಿರಲಿಲ್ಲ, ಸಾವಿನ ಮನೆಯಲ್ಲಿ ಹೆಣ ಎತ್ತುವುದು ತಡವಾದಾಗ ಕೂರುತ್ತಾರಲ್ಲ, ಹಾಗೆ ಕುಳಿತಿದ್ದರು.

ಆಗಿದ್ದಿಷ್ಟು. ಹನ್ನೆರಡಕ್ಕೇ ಪೂಜೆ ಮುಗಿದಿತ್ತು. ಎಡೆ ಹಿಡಿದಾಗ ಶಿವಾನಂದ ರೂಢಿಯಂತೆ ರೊಟ್ಟಿ ಚೂರನ್ನು ಇಲಿಯ ಮೂತಿಗೆ ಒರೆಸಲು ಹೋದ. ಅದು ಮುಖ ತಿರುಗಿಸಿತು. ಒರೆಸಿದ್ದೇ ಸಾಕು, ಉಣ್ಣೋಣ ಎಂದು ಯಾರೋ ಅಂದರಂತೆ. ಆಗ ಪಾಂಡು ಕೈ ಎತ್ತಿ ತಡೆದ. ಮಣ್ಣಿನದಾದರೆ ಒರೆಸಿದರೆ ನಡೆಯುತ್ತದೆ, ಜೀವಂತ ಇಲಿ ಕುಂತ ಮೇಲೆ ಅದು ತಾನಾಗಿ ಮುಟ್ಟಬೇಕು, ಇಲ್ಲದಿದ್ದರೆ ವರ್ಷವಿಡೀ ಅನಾಹುತ ಎಂದು ತೀರ್ಪು ಕೊಟ್ಟ. ಬಬಲೇಶ್ವರದಲ್ಲಿ ನಾಲ್ಕು ಎಕರೆ ಲಿಂಬೆ ಗಿಡ ಇರುವವನಿಗೆ ಶಾಸ್ತ್ರವೆಲ್ಲ ತಿಳಿದಿರುತ್ತದೆಂದು ನಮ್ಮವರ ನಂಬಿಕೆ. ಎರಡೂವರೆ ತಾಸು ಹಾಗೇ ಕುಳಿತಿದ್ದರು. ಬೀಗರ ಮುಂದೆ ಕಟ್ಟಳೆ ಮುರಿಯಲು ಶಿವಾನಂದನಿಗೆ ಧೈರ್ಯವಿಲ್ಲ. ತಾನೇ ಆಡಿದ ಮಾತು ನುಂಗಲು ಪಾಂಡುವಿಗೆ ಮನಸ್ಸಿಲ್ಲ. ಮಣ್ಣಿನ ಇಲಿ ಒಲ್ಲೆ ಎನ್ನುವುದಿಲ್ಲ, ಜೀವವಿದ್ದದ್ದು ಒಲ್ಲೆ ಎಂದೀತು. ಇದು ಅಷ್ಟೂ ಮಂದಿಯಲ್ಲಿ ಒಬ್ಬರ ತಲೆಗೂ ಮೊದಲೇ ಹೊಳೆದಿರಲಿಲ್ಲ.

ಪೇಶಂಟ ಬೆಳ್ಳಿಯ ತಾಟಿನಲ್ಲಿ ಬಿದ್ದಿತ್ತು. ಕೆಳಗೆ ಹಾಸು ಇಲ್ಲ, ಬರೀ ತಣ್ಣನೆಯ ಲೋಹ. ತಲೆಯ ಮೇಲೆ ಅರಿಷಿಣ ಕುಂಕುಮ ಸುರಿದಿದ್ದರು; ಕುಂಕುಮ ಒಳ್ಳೆಯ ಕಣ್ಣಿನೊಳಗೆ ಇಳಿದಿತ್ತು. ಅದರ ಮೈಗಿಂತ ಭಾರದ ಚೆಂಡು ಹೂವಿನ ಮಾಲೆ ಬೆನ್ನ ಮೇಲಿತ್ತು. ಮೂಗಿನ ಸುತ್ತ ಮಾಂಸದ ಚೂರುಗಳನ್ನು ಗುಡ್ಡೆ ಹಾಕಿದ್ದರು. ನಾನು ಒಳಗೆ ಕಾಲಿಟ್ಟಾಗ ಪಾಂಡು ಅದರ ಮುಂದೆ ಬಗ್ಗಿ, ಬೆಳ್ಳಿಯ ಚಮಚದ ಹಿಂದಿನ ತುದಿಯಿಂದ ಅದರ ಬಾಯಿ ತೆರೆಯಲು ನೋಡುತ್ತಿದ್ದ.

ಚಮಚ ಕಸಿದು ಒಗೆದೆ. ಪಾಂಡು ಹಿಂದಕ್ಕೆ ಸರಿದ. ಮಾಲೆ ತೆಗೆದು ಪೇಶಂಟನ್ನು ಅಂಗೈಗೆ ಎತ್ತಿಕೊಂಡೆ. ಪಕ್ಕೆಗಳು ಒಳಗೆ ಸೆಳೆಯುತ್ತಿದ್ದವು, ಬಾಯಿಂದ ಉಸಿರಾಡುತ್ತಿತ್ತು, ಪಾದಗಳು ಬಿಳಚಿ ತಣ್ಣಗಾಗಿದ್ದವು. ಇದನ್ನು ಓದಲು ನನಗೆ ಯಾವ ಡಾಕ್ಟರೂ ಬೇಕಿಲ್ಲ. ಇನ್ನು ಅರ್ಧ ತಾಸು, ಹೆಚ್ಚೆಂದರೆ ಮುಕ್ಕಾಲು ತಾಸು. ಟಾಂಗಾದ ಕುಲುಕಾಟದಲ್ಲಿ ಒಯ್ದರೆ ದಾರಿಯಲ್ಲೇ ಹೋಗುತ್ತದೆ. ಎರಡು ವರ್ಷ ನಾನು ದೂರ ಇಟ್ಟಿದ್ದ ಮಂದಿಯ ನಡುವೆಯೇ ಇದು ಸಾಯಬೇಕಾಗಿತ್ತು. ನನಗೆ ಎಷ್ಟು ಸಿಟ್ಟು ಬಂತೆಂದರೆ ಕಣ್ಣಿಗೆ ಕತ್ತಲೆ ಬಂತು.

ಲಕ್ಕವ್ವ ಬಾಗಿಲಿಗೆ ಅಡ್ಡ ನಿಂತಿದ್ದಳು. ಎಡೆ ಮುಟ್ಟಿಸದೆ ಒಯ್ದರೆ ಈ ಮನೆ ಏಳುವುದಿಲ್ಲ ಎಂದು ಸೆರಗು ಒಡ್ಡಿದಳು. ಶಿವಾನಂದ ಅಂತೂ ನನ್ನ ಕಾಲು ಹಿಡಿಯುವುದೊಂದು ಬಾಕಿ. ಮಂದಿಯ ಮೈಲಿಗೆ ಮುಟ್ಟುವ ಕೆಲಸದವಳೆಂದು ನನ್ನನ್ನು ಅಡಿಗೆಮನೆಯ ಹೊಸ್ತಿಲ ಆಚೆ ಕೂರಿಸಿ ಉಣಬಡಿಸಿದ ಮನೆ ಇದು. ನೀನೇ ಉಣಿಸು ಅಕ್ಕಾ, ನಿನ್ನ ಕೈಯಿಂದ ಉಣ್ಣುತ್ತದೆ ಎಂದು ಈಗ ಗೋಗರೆಯುತ್ತಿದ್ದರು.

ನಾನು ಗಣಪತಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತೆ. ಪೇಶಂಟನ್ನು ಉಡಿಯಲ್ಲಿ ಇಟ್ಟುಕೊಂಡೆ.

"ಇದು ಉಣ್ಣಬೇಕಂದ್ರ ಎಲ್ಲಾರೂ ಹೊರಗ ನಡೀರಿ. ಊದಬತ್ತಿ ಆರಸ್ರಿ, ಆ ಹಾಡ ಬಂದ ಮಾಡ್ರಿ. ನಾ ಹೇಳೋತನಕ ಒಬ್ಬರೂ ಒಳಗ ಬರಬ್ಯಾಡ್ರಿ."

ವಾರ್ಡಿನಲ್ಲಿ ಪೇಶಂಟಿನ ಕಡೆಯವರನ್ನು ಹೊರಗೆ ಕಳಿಸುವ ದನಿ ಅದು, ಆಗ ಯಾರೂ ಕೇಳುತ್ತಿರಲಿಲ್ಲ. ಇವರು ಕೇಳಿದರು. ಗೌರವದಿಂದಲ್ಲ, ಹಸಿವಿನಿಂದ. ಇಪ್ಪತ್ತೆರಡು ಮಂದಿ ತಂತಮ್ಮ ತಾಟು ಎತ್ತಿಕೊಂಡು, ಸಾರು ಚೆಲ್ಲದಂತೆ ಒಬ್ಬರ ಹಿಂದೊಬ್ಬರು ಪಡಸಾಲೆಗೆ ನಡೆದರು. ಪಾಂಡು ಎರಡು ತಾಟು ಎತ್ತಿಕೊಂಡ. ಬಾಗಿಲು ಮುಚ್ಚಿದರು.

ಸದ್ದು ಅಡಗಿತು. ಸೆರಗಿನ ತುದಿಯನ್ನು ಒದ್ದೆ ಮಾಡಿ ಅದರ ಕಣ್ಣಿನ ಕುಂಕುಮ ಒರೆಸಿದೆ. ಹಿಂಭಾಗ ಒರೆಸಿದೆ, ಗಾಬರಿಗೆ ಉಚ್ಚೆ ಮಾಡಿಕೊಂಡಿತ್ತು. ಉಡಿಯ ಬಿಸುಪಿಗೆ ಮೈ ಸ್ವಲ್ಪ ಸಡಿಲಾಯಿತು. ಉಣ್ಣುವುದಿಲ್ಲ ಎಂದು ಗೊತ್ತಿದ್ದೂ ಎಡೆಯ ರೊಟ್ಟಿ ಮುರಿದು ಅಗಿದು ಕಿರುಬೆರಳಿಗೆ ಹಚ್ಚಿ ಹಿಡಿದೆ, ಅದು ಕೈಯ ರೂಢಿ. ಅದು ನೆಕ್ಕಲಿಲ್ಲ. ಮುಂದಿನ ಎರಡೂ ಕೈಗಳಿಂದ ನನ್ನ ಬೆರಳನ್ನು ಹಿಡಿದುಕೊಂಡಿತು. ಮೊದಲೂ ಹಾಗೆ ಹಿಡಿಯುತ್ತಿತ್ತು, ತಿನಿಸಿಗಾಗಿ. ಈಗ ತಿನಿಸಿನ ಕಡೆ ಅದರ ಗಮನವಿರಲಿಲ್ಲ, ಬೆರಳು ಮಾತ್ರ ಬೇಕಾಗಿತ್ತು. ಹಾಗೇ ಎಷ್ಟು ಹೊತ್ತು ಕುಳಿತೆನೋ. ಹೊರಗೆ ಯಾರೋ ಆಕಳಿಸಿದರು, ಯಾರೋ ಯಾರಿಗೋ ಸುಮ್ಮನಿರೆಂದರು. ಒಂದು ಉಸಿರು ಆದ ಮೇಲೆ ಇನ್ನೊಂದು ಬರಲು ತಡವಾಯಿತು. ಆಮೇಲೆ ಬರಲಿಲ್ಲ. ಬೆರಳ ಮೇಲಿನ ಹಿಡಿತ ತಾನಾಗಿ ಬಿಟ್ಟಿತು.

"ಅಕ್ಕಾ, ಮುಟ್ಟಿತೇನು?" ಬಾಗಿಲ ಸಂದಿಯಿಂದ ಶಿವಾನಂದ ಕೇಳಿದ.

ಮುಟ್ಟಲಿಲ್ಲ, ಸತ್ತಿತು ಎಂದರೆ ಮುಗಿಯಿತು. ಆ ಒಂದು ಮಾತಿಗೆ ಅವನ ವರ್ಷ, ವ್ಯಾಪಾರ, ಬೀಗರ ಮುಂದಿನ ಮಾನ ಎಲ್ಲ ನೆಲಕ್ಕೆ ಬೀಳುತ್ತಿತ್ತು. ಇಪ್ಪತ್ತೆರಡು ಮಂದಿಯೂ ಹಸಿದ ಹೊಟ್ಟೆಯಲ್ಲಿ ಎದ್ದು ಹೋಗುತ್ತಿದ್ದರು. ಹೇಳಬೇಕೆಂದು ನಾಲಿಗೆ ತುದಿಗೆ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಹೇಳಿದರೆ ಬಾಗಿಲು ತೆರೆಯುತ್ತದೆ. ಎಲ್ಲರೂ ಒಳಗೆ ನುಗ್ಗುತ್ತಾರೆ. ಅಪಶಕುನವೆಂದು ಅಳುವವರು, ಪ್ರಾಯಶ್ಚಿತ್ತ ಹೇಳುವ ಪಾಂಡು, ಬಾಯಿಗೆ ನೀರು ಬಿಡಲು ಗಿಂಡಿ ತರುವ ಲಕ್ಕವ್ವ. ಮೈ ಇನ್ನೂ ಬೆಚ್ಚಗಿತ್ತು. ಅದನ್ನು ಇವರ ಕೈಗೆ ಕೊಡಲಾರೆ ಎನಿಸಿತು.

"ಉಂಡೈತಿ," ಎಂದೆ. "ನೀವೂ ಉಣ್ರಿ."

ಪಡಸಾಲೆಯಲ್ಲಿ ಒಮ್ಮೆಗೇ ತಾಟುಗಳ ಸದ್ದು ಎದ್ದಿತು. ರೊಟ್ಟಿ ಮುರಿಯುವ ಸದ್ದು, ಸೊರಕ್ಕನೆ ಸಾರು ಹೀರುವ ಸದ್ದು, ಇನ್ನೊಂದು ಎಲುಬು ಹಾಕಿರೆನ್ನುವ ದನಿ. ಉಂಡಿತೋ ಎಷ್ಟು ಉಂಡಿತೋ ಎಂದು ನೋಡಲು ಒಬ್ಬರೂ ಒಳಗೆ ಬರಲಿಲ್ಲ. ಅಷ್ಟು ಹೊತ್ತೂ ನಾನು ಅತ್ತೆ. ಅರವತ್ತರ ಹೆಂಗಸು ಒಂದು ಇಲಿಗೆ ಅತ್ತಳು, ಹೌದು, ಅದರಲ್ಲಿ ಮುಚ್ಚಿಡುವುದೇನಿದೆ. ಗಂಡ ಸತ್ತಾಗ ಇಷ್ಟು ಅತ್ತಿರಲಿಲ್ಲ, ಆಗ ಅಳಲು ಜಾಗ ಸಿಕ್ಕಿರಲಿಲ್ಲ.

ಊಟ ಮುಗಿಸಿ ಮೊದಲು ಒಳಗೆ ಬಂದವನು ಪಾಂಡು. ತೇಗುತ್ತ, ಎಲೆ ಅಡಿಕೆ ಅಗಿಯುತ್ತ ನನ್ನ ಮುಂದೆ ಮೊಣಕಾಲೂರಿ ಕುಳಿತ. ಅಷ್ಟರಲ್ಲಿ ನಾನು ಮುಖ ಒರೆಸಿಕೊಂಡಿದ್ದೆ. ದರ್ಶನ ಮಾಡಿಸಿರಿ ಎಂದ. ಅಡಗಿಸಿಡುವ ಮನಸ್ಸು ನನಗೂ ಉಳಿದಿರಲಿಲ್ಲ, ನೋಡಲಿ ಎಂದು ಸೆರಗು ಸರಿಸಿದೆ. ಅವನು ಎರಡು ಬೆರಳಿನಿಂದ ಅದರ ಬೆನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಮತ್ತೊಮ್ಮೆ ಮುಟ್ಟಿದ. ಆಗಲೇ ಮೈ ಸೆಟೆಯತೊಡಗಿತ್ತು.

"ಹೊಟ್ಟಿ ತುಂಬ ಉಂಡು ಹೆಂಗ ತಣ್ಣಗ ಮಲಗೈತಿ ನೋಡ್ರಿ," ಎಂದ. "ಮುಂದಿನ ವರ್ಷಾನೂ ಇದನ್ನ ತರಬೇಕ್ರಿ ಅಕ್ಕಾರ."

ಅವನ ಮುಖ ನೋಡಿದೆ. ನಾಟಕ ಆಡುತ್ತಿದ್ದಾನೇನೋ ಎಂದು ಸಂಶಯ ಬಂತು. ಇಲ್ಲ, ಅವನಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. ಆಗಲಿ ಎಂದೆ. ಪೇಶಂಟನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದು ಪಡಸಾಲೆ ದಾಟಿದಾಗ ಉಳಿದವರೆಲ್ಲ ಎಂಜಲು ಕೈ ಹಿಂದಕ್ಕೆ ಮಾಡಿಕೊಂಡು ಎದ್ದು ನಿಂತು ತಲೆಬಾಗಿದರು. ಸತ್ತದ್ದು ಅವರಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಬದುಕಿದ್ದಾಗ ಅದನ್ನು ಒಮ್ಮೆಯಾದರೂ ನೋಡಿದ್ದರಲ್ಲವೇ ತಿಳಿಯುವುದು.